ತಿಂಗಳಿಗೊಂದು ಅಂಡಾಣು: ಒಂದು ತಪ್ಪು ಉತ್ತರ ಕಲಿಸಿದ ಪಾಠ

ಈ ಸಾಲಿನ ಬೋಧನಾಭ್ಯಾಸದಲ್ಲಿ ನನಗೆ ಮಂಗಳೂರು ನಗರದ ಒಂದು ಪ್ರೌಢಶಾಲೆಯ ಹತ್ತನೇ ತರಗತಿ ಸಿಕ್ಕಿತ್ತು. ಘಟಕ: ಸಂತಾನೋತ್ಪತ್ತಿ. ಉಪಘಟಕ: ಸ್ತ್ರೀ ಸಂತಾನೋತ್ಪತ್ತಿ ವ್ಯೂಹ. ಪಾಠಯೋಜನೆಗೆ ಮಾರ್ಗದರ್ಶಕರ ಸಹಿಯಾಗಿತ್ತು, ಚಾರ್ಟ್ ಸಿದ್ಧವಾಗಿತ್ತು. ಮಕ್ಕಳು ನಗುತ್ತಾರೇನೋ, ತಲೆ ತಗ್ಗಿಸುತ್ತಾರೇನೋ ಎಂಬುದೊಂದೇ ನನ್ನ ಅಂಜಿಕೆ. ಆದರೆ ನಾನು ಎಡವಿದ್ದು ಮುಜುಗರದಲ್ಲಲ್ಲ, ವಿಷಯಜ್ಞಾನದಲ್ಲಿ.

ಹುಟ್ಟುವಾಗಲೇ ಹೆಣ್ಣುಮಗುವಿನ ಅಂಡಾಶಯಗಳಲ್ಲಿ ಸಾವಿರಾರು ಅಪಕ್ವ ಅಂಡಾಣುಗಳಿರುತ್ತವೆ ಎಂದು ಹೇಳಿ, ಕಪ್ಪುಹಲಗೆಯ ಮೇಲೆ ‘ಪ್ರತಿ ತಿಂಗಳು ಒಂದು ಅಂಡಾಣು ತಯಾರಾಗುತ್ತದೆ’ ಎಂದು ಬರೆದೆ. ಎರಡನೇ ಬೆಂಚಿನ ಹುಡುಗಿಯೊಬ್ಬಳು ಪುಸ್ತಕದ ಹಿಂದಿನ ಪುಟದಲ್ಲಿ ಏನೋ ಗುಣಿಸಿ ಎದ್ದು ನಿಂತಳು. “ಟೀಚರ್, ವರ್ಷಕ್ಕೆ ಹನ್ನೆರಡು. ಹನ್ನೆರಡು ವರ್ಷದಿಂದ ಐವತ್ತರವರೆಗೆ ಲೆಕ್ಕ ಹಾಕಿದ್ರೂ ನಾನೂರ ಐವತ್ತಾರು. ಉಳಿದದ್ದೆಲ್ಲ ಎಂತ ಆಗ್ತದೆ?”

ನನಗೆ ಗೊತ್ತಿರಲಿಲ್ಲ. ‘ಗೊತ್ತಿಲ್ಲ, ನಾಳೆ ನೋಡಿಕೊಂಡು ಬರುತ್ತೇನೆ’ ಎನ್ನಬಹುದಿತ್ತು. ಹಿಂದೆ ವೀಕ್ಷಕರಿದ್ದರು. “ಮುಟ್ಟಿನಲ್ಲಿ ಹೊರಗೆ ಹೋಗುತ್ತವೆ” ಎಂದುಬಿಟ್ಟೆ. ಅವಳು ಬರೆದುಕೊಂಡಳು. ಇಡೀ ತರಗತಿಯೂ ಬರೆದುಕೊಂಡಿತು.

ಆ ಉತ್ತರ ತಪ್ಪು. ಆ ಸಂಜೆ ಬಿ.ಎಸ್ಸಿ.ಯ ಹಳೆಯ ಪುಸ್ತಕಗಳನ್ನು ತೆರೆದು ಕುಳಿತಾಗ ತಿಳಿದದ್ದನ್ನು, ಮರುದಿನದ ತರಗತಿಯಲ್ಲಿ ಅದನ್ನು ತಿದ್ದಿಕೊಂಡ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಪಾಠ ಮಾಡಲಿರುವ ಸಹಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾದೀತು.

ದಾಸ್ತಾನು ಹುಟ್ಟುವ ಮೊದಲೇ ಮುಗಿದಿರುತ್ತದೆ

‘ತಯಾರಾಗುತ್ತದೆ’ ಎಂಬ ಕ್ರಿಯಾಪದದಲ್ಲೇ ನನ್ನ ಮೊದಲ ತಪ್ಪಿತ್ತು. ವೃಷಣಗಳಲ್ಲಿ ವೀರ್ಯಾಣುಗಳು ಪ್ರೌಢಾವಸ್ಥೆಯಿಂದ ಮುಂದೆ ದಿನವೂ ಹೊಸದಾಗಿ ಹುಟ್ಟುತ್ತಿರುತ್ತವೆ. ಅಂಡಾಣುಗಳ ಕಥೆ ಬೇರೆ. ಹೆಣ್ಣುಭ್ರೂಣದ ಅಂಡಾಶಯದಲ್ಲಿ ಮೂಲ ಜನನಕೋಶಗಳು ಮೈಟಾಸಿಸ್‌ನಿಂದ ವೇಗವಾಗಿ ಹೆಚ್ಚುತ್ತವೆ. ಗರ್ಭದ ಸುಮಾರು 20ನೇ ವಾರಕ್ಕೆ ಅವುಗಳ ಸಂಖ್ಯೆ 60ರಿಂದ 70 ಲಕ್ಷ ಮುಟ್ಟುತ್ತದೆ. ಅದೇ ಗರಿಷ್ಠ. ಅಲ್ಲಿಂದ ಮುಂದೆ ಇಳಿಕೆ ಮಾತ್ರ. ಹುಟ್ಟುವಾಗ 10ರಿಂದ 20 ಲಕ್ಷ, ಪ್ರೌಢಾವಸ್ಥೆಯ ಹೊತ್ತಿಗೆ 3ರಿಂದ 4 ಲಕ್ಷ, ಮುಟ್ಟು ನಿಲ್ಲುವ ವಯಸ್ಸಿಗೆ ಸುಮಾರು ಒಂದು ಸಾವಿರ. ಇಡೀ ಬದುಕಿನಲ್ಲಿ ಅಂಡಾಶಯದಿಂದ ಹೊರಬರುವುದು 400ರಿಂದ 500. ಹುಡುಗಿಯ 456ರ ಲೆಕ್ಕ ಸರಿಯಾಗಿಯೇ ಇತ್ತು.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ. ನಾನು ಯಾವ ಅಂಡಾಣುವಿನಿಂದ ಹುಟ್ಟಿದೆನೋ ಅದು ನನ್ನ ಅಮ್ಮ ಅಜ್ಜಿಯ ಹೊಟ್ಟೆಯಲ್ಲಿದ್ದಾಗಲೇ ರೂಪುಗೊಂಡಿತ್ತು. ಇದನ್ನು ಹೇಳಿದಾಗ ತರಗತಿ ಒಂದು ಕ್ಷಣ ಸುಮ್ಮನಾಯಿತು.

ಎರಡು ಸಲ ನಿಲ್ಲುವ ವಿಭಜನೆ

ಮಿಯಾಸಿಸ್ ಎಂದರೆ 46 ವರ್ಣತಂತುಗಳು 23 ಆಗುವ ವಿಭಜನೆ ಎಂದು ನಾವೆಲ್ಲ ಕಲಿಸುತ್ತೇವೆ. ಅದಕ್ಕೆ ಎಷ್ಟು ಕಾಲ ಬೇಕು ಎಂಬುದನ್ನು ಕಲಿಸುವುದಿಲ್ಲ. ಅಂಡಾಣುವಿನಲ್ಲಿ ಈ ವಿಭಜನೆ ಭ್ರೂಣದಲ್ಲೇ ಆರಂಭವಾಗಿ, ಮೊದಲ ವಿಭಜನೆಯ ಪೂರ್ವಾವಸ್ಥೆಯಲ್ಲೇ ನಿಂತುಬಿಡುತ್ತದೆ. ಕೆಲವು ಅಂಡಾಣುಗಳು ಹಾಗೆ ಹನ್ನೆರಡು ವರ್ಷ ಕಾಯುತ್ತವೆ, ಕೆಲವು ನಲವತ್ತು ವರ್ಷ. ಹೊರಬರುವ ಸರದಿ ಸಿಕ್ಕಾಗ, ಅಂಡೋತ್ಸರ್ಗಕ್ಕೆ ಸ್ವಲ್ಪ ಮೊದಲು, ನಿಂತ ಕೆಲಸ ಮುಂದುವರಿಯುತ್ತದೆ. ಅರ್ಧದಷ್ಟು ವರ್ಣತಂತುಗಳು ಒಂದು ಚಿಕ್ಕ ಧ್ರುವಕಾಯದೊಳಗೆ ಹೋಗುತ್ತವೆ; ಕೋಶರಸವೆಲ್ಲ ಅಂಡಾಣುವಿನಲ್ಲೇ ಉಳಿಯುತ್ತದೆ. ಕೂಡಲೇ ಎರಡನೇ ವಿಭಜನೆ ಶುರುವಾಗಿ ಮಧ್ಯಾವಸ್ಥೆಯಲ್ಲಿ ಮತ್ತೆ ನಿಲ್ಲುತ್ತದೆ. ವೀರ್ಯಾಣು ಒಳಹೊಕ್ಕರೆ ಮಾತ್ರ ಅದು ಪೂರ್ಣಗೊಳ್ಳುತ್ತದೆ. ಅಂದರೆ ನಾವು ಪಾಠದಲ್ಲಿ ‘ಪಕ್ವ ಅಂಡಾಣು’ ಎನ್ನುವುದು ಕೂಡ ವಿಭಜನೆಯನ್ನು ಇನ್ನೂ ಮುಗಿಸದ ಕೋಶ.

ತಾಯಿಯ ವಯಸ್ಸು ಹೆಚ್ಚಿದಂತೆ ಮಗುವಿನಲ್ಲಿ ವರ್ಣತಂತುಗಳ ಸಂಖ್ಯೆ ಹೆಚ್ಚುಕಡಿಮೆಯಾಗುವ ಸಾಧ್ಯತೆ ಏರುವುದಕ್ಕೆ ಈ ದೀರ್ಘ ಕಾಯುವಿಕೆ ಒಂದು ಮುಖ್ಯ ಕಾರಣ. ವರ್ಣತಂತುಗಳನ್ನು ಜೋಡಿಯಾಗಿ ಹಿಡಿದಿಟ್ಟ ಬಂಧ ವರ್ಷಗಳು ಕಳೆದಂತೆ ಸಡಿಲವಾಗುತ್ತದೆ.

ಅಂಡಾಣು ಬೇರೆ, ಫಾಲಿಕಲ್ ಬೇರೆ

ಕಾಯುವ ಅಂಡಾಣು ಒಂಟಿಯಾಗಿರುವುದಿಲ್ಲ. ಅದರ ಸುತ್ತ ಚಪ್ಪಟೆ ಜೀವಕೋಶಗಳ ಒಂದು ಪದರವಿರುತ್ತದೆ. ಅಂಡಾಣುವನ್ನೂ ಅದರ ಸುತ್ತಲಿನ ಕೋಶಗಳನ್ನೂ ಸೇರಿಸಿ ಫಾಲಿಕಲ್ ಎನ್ನುತ್ತಾರೆ. ಬೆಳವಣಿಗೆ ಶುರುವಾದಾಗ ಚಪ್ಪಟೆ ಕೋಶಗಳು ಘನಾಕಾರಕ್ಕೆ ತಿರುಗಿ ಹಲವು ಪದರಗಳಾಗುತ್ತವೆ. ಅಂಡಾಣುವಿನ ಸುತ್ತ ಪಾರದರ್ಶಕ ಹೊದಿಕೆಯೊಂದು ಮೂಡುತ್ತದೆ. ಆಮೇಲೆ ಪದರಗಳ ನಡುವೆ ದ್ರವ ತುಂಬಿದ ಕುಹರ ಕಾಣಿಸಿಕೊಳ್ಳುತ್ತದೆ. ಕೊನೆಯ ಹಂತದ ಗ್ರಾಫಿಯನ್ ಫಾಲಿಕಲ್ ಸುಮಾರು 20 ಮಿ.ಮೀ. ಅಗಲವಿರುತ್ತದೆ, ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದಷ್ಟು. ಅದರೊಳಗಿನ ಅಂಡಾಣು ಮಾತ್ರ 0.1 ಮಿ.ಮೀ.ಗಿಂತ ತುಸು ದೊಡ್ಡದು.

ಇವೆರಡನ್ನು ಒಂದೇ ಎಂದುಕೊಳ್ಳುವುದು ನಮ್ಮ ಮಕ್ಕಳು ಮಾತ್ರ ಮಾಡುವ ತಪ್ಪಲ್ಲ. 1672ರಲ್ಲಿ ಡಚ್ ವೈದ್ಯ ರೆನಿಯರ್ ಡಿ ಗ್ರಾಫ್ ಈ ದ್ರವದ ಚೀಲಗಳನ್ನು ವರ್ಣಿಸಿದಾಗ ಅವನ್ನೇ ಮೊಟ್ಟೆಗಳೆಂದು ತಿಳಿದಿದ್ದರು. ನಿಜವಾದ ಅಂಡಾಣುವನ್ನು ನಾಯಿಯ ಫಾಲಿಕಲ್‌ನೊಳಗೆ ಕಾರ್ಲ್ ಅರ್ನ್‌ಸ್ಟ್ ಫಾನ್ ಬೇರ್ ಗುರುತಿಸಿದ್ದು 1827ರಲ್ಲಿ. ನಡುವೆ 155 ವರ್ಷ ಕಳೆದಿತ್ತು. ವಿಜ್ಞಾನಕ್ಕೇ ಇಷ್ಟು ಸಮಯ ಬೇಕಾದ ಕಡೆ, ಮಕ್ಕಳು ಗೊಂದಲಪಟ್ಟರೆ ನಾವು ಗದರಬೇಕಿಲ್ಲ.

ಚಾರ್ಟಿನ ಬಗ್ಗೆಯೂ ಒಂದು ಎಚ್ಚರಿಕೆ. ಅಂಡಾಶಯದ ಚಿತ್ರದಲ್ಲಿ ಎಲ್ಲ ಹಂತಗಳನ್ನೂ ಗಡಿಯಾರದ ಮುಳ್ಳಿನಂತೆ ಸುತ್ತ ಜೋಡಿಸಿರುತ್ತಾರೆ. ಫಾಲಿಕಲ್ ಅಂಡಾಶಯದೊಳಗೆ ಸುತ್ತು ಹಾಕುತ್ತದೆ ಎಂದು ಮೂವರು ವಿದ್ಯಾರ್ಥಿಗಳು ಉತ್ತರ ಬರೆದಿದ್ದರು. ಅದು ಸುತ್ತುವುದಿಲ್ಲ, ಇದ್ದಲ್ಲೇ ಬೆಳೆಯುತ್ತದೆ. ಚಿತ್ರದಲ್ಲಿರುವುದು ಬೇರೆ ಬೇರೆ ಕಾಲದ ಹಂತಗಳು ಎಂದು ಬಾಯಿಬಿಟ್ಟು ಹೇಳಬೇಕು.

ಒಂದರ ಗೆಲುವು, ಹಲವು ಇಳಿಕೆ

ಈ ಬೆಳವಣಿಗೆ ಒಂದು ತಿಂಗಳಲ್ಲಿ ಮುಗಿಯುವುದಿಲ್ಲ. ಬೆಳೆಯತೊಡಗಿದ ಫಾಲಿಕಲ್ ಕೊನೆಯ ಹಂತ ಮುಟ್ಟಲು ಹಲವು ತಿಂಗಳು ಬೇಕು. ನಾವು ಋತುಚಕ್ರದ ಚಿತ್ರದಲ್ಲಿ ತೋರಿಸುವ ಮೊದಲ 14 ದಿನ ಆ ಪ್ರಯಾಣದ ಕೊನೆಯ ತುಂಡು ಮಾತ್ರ.

ಚಕ್ರದ ಆರಂಭದಲ್ಲಿ ಪಿಟ್ಯುಟರಿ ಗ್ರಂಥಿಯ ಎಫ್.ಎಸ್.ಎಚ್. ಹಾರ್ಮೋನು ಏರುತ್ತದೆ. ಆ ಹೊತ್ತಿಗೆ ಸಿದ್ಧವಾಗಿ ಬಂದ ಹಲವು ಫಾಲಿಕಲ್‌ಗಳು ಅದರ ಬಲದಿಂದ ಒಟ್ಟಿಗೆ ಬೆಳೆಯುತ್ತವೆ. ಅವು ಈಸ್ಟ್ರೋಜನ್ ಮತ್ತು ಇನ್‌ಹಿಬಿನ್ ಸ್ರವಿಸುತ್ತವೆ, ಅದರಿಂದಾಗಿ ಎಫ್.ಎಸ್.ಎಚ್. ಕಡಿಮೆಯಾಗುತ್ತದೆ. ಕಡಿಮೆ ಹಾರ್ಮೋನಿನಲ್ಲೂ ಬೆಳೆಯಬಲ್ಲಷ್ಟು ಮುಂದೆ ಹೋಗಿರುವ ಒಂದು ಫಾಲಿಕಲ್ ಉಳಿಯುತ್ತದೆ. ಉಳಿದವು ಕ್ಷೀಣಿಸಿ ಅಂಡಾಶಯದಲ್ಲೇ ಕರಗಿಹೋಗುತ್ತವೆ. ಇದಕ್ಕೆ ಅಟ್ರೀಸಿಯಾ ಎಂದು ಹೆಸರು. ಎರಡನೇ ಬೆಂಚಿನ ಪ್ರಶ್ನೆಗೆ ಉತ್ತರ ಇದೇ. ಉಳಿದವು ಹೊರಗೆಲ್ಲೂ ಹೋಗುವುದಿಲ್ಲ, ಒಳಗೇ ಕರಗುತ್ತವೆ. ಭ್ರೂಣದಲ್ಲಿ, ಬಾಲ್ಯದಲ್ಲಿ, ಗರ್ಭಿಣಿಯಾಗಿದ್ದಾಗ, ಮುಟ್ಟು ತಪ್ಪಿದ ತಿಂಗಳಲ್ಲಿ ಕೂಡ ಈ ಇಳಿಕೆ ನಡೆದೇ ಇರುತ್ತದೆ.

ನಮ್ಮ ರಾಜ್ಯದ ವಿಜ್ಞಾನಿಗಳೂ ಈ ವಿಷಯದಲ್ಲಿ ದುಡಿದಿದ್ದಾರೆ ಎಂದು ಮಕ್ಕಳಿಗೆ ಹೇಳಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಆರ್. ಮೌದ್ಗಲ್ ಮತ್ತು ಸಂಗಡಿಗರು ಪಿಟ್ಯುಟರಿ ಹಾರ್ಮೋನುಗಳನ್ನು ಪ್ರತಿಕಾಯಗಳಿಂದ ತಟಸ್ಥಗೊಳಿಸಿ, ಅವು ಇಲ್ಲದಾಗ ಏನಾಗುತ್ತದೆ ಎಂದು ಪ್ರಾಣಿಗಳಲ್ಲಿ ಪರೀಕ್ಷಿಸಿದರು. ಅವರು ಅಧ್ಯಯನ ಮಾಡಿದ ಪ್ರಾಣಿಗಳಲ್ಲಿ ನಮ್ಮೂರ ತೋಟಗಳಿಗೆ ಬರುವ ಬಾನೆಟ್ ಮಂಗವೂ ಒಂದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ಎಸ್. ಕೆ. ಸೈದಾಪುರ ಅವರು ಕಪ್ಪೆಗಳ ಅಂಡಾಶಯದ ಮೇಲೆ ಕೆಲಸ ಮಾಡಿದವರು. ಸಸ್ತನಿಗಳಲ್ಲದ ಕಶೇರುಕಗಳಲ್ಲಿ ಫಾಲಿಕಲ್‌ಗಳು ಕ್ಷೀಣಿಸುವುದರ ಬಗ್ಗೆ 1978ರಲ್ಲಿ ಅವರ ವಿಮರ್ಶಾಲೇಖನ ಪ್ರಕಟವಾಯಿತು.

ಗೆದ್ದ ಫಾಲಿಕಲ್ ಸ್ರವಿಸುವ ಈಸ್ಟ್ರೋಜನ್ ಒಂದು ಮಟ್ಟ ಮೀರಿದಾಗ ಪಿಟ್ಯುಟರಿಯಿಂದ ಎಲ್.ಎಚ್. ಒಮ್ಮೆಲೇ ಉಕ್ಕುತ್ತದೆ. ಅದು ಶುರುವಾಗಿ ಸುಮಾರು 36 ಗಂಟೆಗಳಲ್ಲಿ ಫಾಲಿಕಲ್ ಒಡೆದು ಅಂಡಾಣು ಹೊರಬಂದು ಅಂಡನಾಳ ಸೇರುತ್ತದೆ. ಅಲ್ಲಿ ಅದರ ಆಯಸ್ಸು 12ರಿಂದ 24 ಗಂಟೆ. ಒಡೆದ ಫಾಲಿಕಲ್ ಪೀತಪಿಂಡವಾಗಿ ಪ್ರೊಜೆಸ್ಟಿರಾನ್ ಸ್ರವಿಸುತ್ತಾ ಗರ್ಭಕೋಶದ ಒಳಪದರವನ್ನು ಕಾಯ್ದುಕೊಳ್ಳುತ್ತದೆ. ಗರ್ಭ ನಿಲ್ಲದಿದ್ದರೆ ಸುಮಾರು 14 ದಿನಗಳಲ್ಲಿ ಪೀತಪಿಂಡ ಕುಗ್ಗುತ್ತದೆ. ಒಳಪದರ ಕಳಚಿ ಮುಟ್ಟಾಗುತ್ತದೆ. ಮುಟ್ಟಿನಲ್ಲಿ ಹೋಗುವುದು ಆ ಪದರದ ಅಂಗಾಂಶ ಮತ್ತು ರಕ್ತ. ಅಂಡಾಣು ಎರಡು ವಾರ ಮೊದಲೇ ನಾಶವಾಗಿರುತ್ತದೆ.

ಮರುದಿನದ ತರಗತಿ

ಮರುದಿನ ಹಲಗೆಯ ಮೇಲೆ ಮೊದಲು ಬರೆದದ್ದು ‘ನಿನ್ನೆ ನಾನು ಹೇಳಿದ ಉತ್ತರ ತಪ್ಪು’ ಎಂದು. ತರಗತಿಯಲ್ಲಿ ಸಣ್ಣ ಗುಸುಗುಸು ಎದ್ದಿತು. ಆಮೇಲೆ ಗ್ರಾಫ್ ಹಾಳೆ ಹಂಚಿದೆ. ಹತ್ತು ಸೆಂ.ಮೀ. ಉದ್ದ, ಹತ್ತು ಸೆಂ.ಮೀ. ಅಗಲದ ಚೌಕ 70 ಲಕ್ಷ ಅಂಡಾಣು ಎಂದಿಟ್ಟುಕೊಳ್ಳಿ ಎಂದೆ. ಹಾಗಾದರೆ ಒಂದು ಚದರ ಸೆಂ.ಮೀ. ಎಂದರೆ 70 ಸಾವಿರ, ಒಂದು ಚದರ ಮಿ.ಮೀ. ಎಂದರೆ 700. ಹುಟ್ಟುವಾಗಿನ ದಾಸ್ತಾನಿಗೆ 14ರಿಂದ 29 ಸೆಂ.ಮೀ. ಚೌಕಗಳು, ಪ್ರೌಢಾವಸ್ಥೆಯದಕ್ಕೆ ಆರಕ್ಕಿಂತ ಕಡಿಮೆ. ಬದುಕಿಡೀ ಹೊರಬರುವ 456ಕ್ಕೆ ಬಣ್ಣ ತುಂಬಲು ಹೇಳಿದಾಗ, ಒಂದು ಮಿ.ಮೀ. ಚೌಕವೂ ತುಂಬಲಿಲ್ಲ.

“ಮಾವಿನ ಮರದ ಹಾಗೆ” ಎಂದ ಒಬ್ಬ ಹುಡುಗ. ಮರವೆಲ್ಲ ಹೂವು, ಮಿಡಿ ಉದುರಿ ಉದುರಿ ಕೊನೆಗೆ ಹಣ್ಣು ಕೆಲವೇ. ಹೋಲಿಕೆ ಚೆನ್ನಾಗಿತ್ತು, ಒಪ್ಪಿಕೊಂಡೆ. ಮಾವು ಪ್ರತಿವರ್ಷ ಹೊಸ ಹೂ ಬಿಡುತ್ತದೆ, ಅಂಡಾಶಯ ಹಾಗಲ್ಲ ಎಂಬುದನ್ನೂ ಸೇರಿಸಿದೆ. ಹೋಲಿಕೆ ಎಲ್ಲಿ ನಿಲ್ಲುತ್ತದೆ ಎಂದು ಹೇಳದಿದ್ದರೆ ಹೋಲಿಕೆಯೇ ಹೊಸ ತಪ್ಪು ಗ್ರಹಿಕೆಯಾಗುತ್ತದೆ.

ಎರಡನೇ ಬೆಂಚಿನವಳು ಕೈಯೆತ್ತಿದಳು. “ಹಾಗಾದ್ರೆ ನನ್ನ ಲೆಕ್ಕ ಸರಿ ಇತ್ತಲ್ವಾ ಟೀಚರ್?” ಸರಿ ಇತ್ತು ಎಂದೆ.

ಆ ದಿನ ಒಂದು ಪೆಟ್ಟಿಗೆ ಇಟ್ಟು, ಹೆಸರು ಬರೆಯದೆ ಚೀಟಿ ಹಾಕಲು ಹೇಳಿದ್ದೆ. ಒಂದು ಚೀಟಿಯಲ್ಲಿ ಹೀಗಿತ್ತು: ಮನೆಯಲ್ಲಿ ಒಬ್ಬರಿಗೆ ಸ್ಕ್ಯಾನಿಂಗ್‌ನಲ್ಲಿ ಪಿ.ಸಿ.ಓ.ಡಿ., ನೀರುಗುಳ್ಳೆ ಉಂಟು ಎಂದಿದ್ದಾರೆ, ಅದು ಗಡ್ಡೆಯಾ, ಮಕ್ಕಳಾಗುವುದಿಲ್ಲವಾ? ಬರೆದವರು ಯಾರೆಂದು ನಾನು ಹುಡುಕಲಿಲ್ಲ.

ಹಿಂದಿನ ದಿನವಾಗಿದ್ದರೆ ಇದಕ್ಕೂ ಏನಾದರೂ ಹೇಳಿಬಿಡುತ್ತಿದ್ದೆನೋ ಏನೋ. ಈಗ ಪಾಠದಲ್ಲೇ ಉತ್ತರವಿತ್ತು. ಆ ಸ್ಥಿತಿಯಲ್ಲಿ ಸ್ಕ್ಯಾನಿಂಗ್‌ನಲ್ಲಿ ಗುಳ್ಳೆಗಳಂತೆ ಕಾಣುವವು ಸಾಮಾನ್ಯವಾಗಿ 2ರಿಂದ 9 ಮಿ.ಮೀ. ಗಾತ್ರದಲ್ಲಿ ಬೆಳವಣಿಗೆ ನಿಂತ ಫಾಲಿಕಲ್‌ಗಳು. ಹಾರ್ಮೋನುಗಳ ಏರುಪೇರಿನಿಂದ ಅವುಗಳಲ್ಲಿ ಒಂದು ಗೆದ್ದು ಮುಂದೆ ಹೋಗುವುದು ತಡವಾಗುತ್ತದೆ ಅಥವಾ ತಪ್ಪುತ್ತದೆ. ಅದಕ್ಕೇ ಮುಟ್ಟು ಏರುಪೇರಾಗುತ್ತದೆ. ಅವು ಗಡ್ಡೆಗಳಲ್ಲ. ಈ ಸ್ಥಿತಿಯಿರುವ ಬಹಳಷ್ಟು ಹೆಂಗಸರಿಗೆ ಮಕ್ಕಳಾಗುತ್ತಾರೆ, ಕೆಲವರಿಗೆ ಚಿಕಿತ್ಸೆ ಬೇಕಾಗಬಹುದು. ಅಂಡಾಶಯದಲ್ಲಿ ಬೇರೆ ಬಗೆಯ ಗುಳ್ಳೆಗಳೂ ಇರುತ್ತವೆ, ಯಾವುದೆಂದು ಹೇಳಬೇಕಾದವರು ವೈದ್ಯರು ಎಂದೂ ಹೇಳಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಸ್ನೇಹ ಕ್ಲಿನಿಕ್ ಇರುವುದನ್ನೂ ತಿಳಿಸಿದೆ.

ಸಹಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠಕ್ಕೆ ನನ್ನ ಸಲಹೆಗಳು ನಾಲ್ಕು. ‘ತಯಾರಾಗುತ್ತದೆ’ ಎನ್ನುವ ಬದಲು ‘ಪಕ್ವವಾಗಿ ಹೊರಬರುತ್ತದೆ’ ಎಂದು ಬರೆಯಿರಿ. ಅಂಡಾಣು ಮತ್ತು ಫಾಲಿಕಲ್‌ಗಳನ್ನು ಒಂದೇ ಅಳತೆಯಲ್ಲಿ ಹಲಗೆಯ ಮೇಲೆ ಬಿಡಿಸಿ, 20 ಸೆಂ.ಮೀ. ವೃತ್ತದೊಳಗೆ ಒಂದು ಮಿ.ಮೀ. ಚುಕ್ಕೆ ಇಟ್ಟರೆ ಸಾಕು. ಮುಟ್ಟಿನಲ್ಲಿ ಏನು ಹೋಗುತ್ತದೆ ಎಂಬುದನ್ನು ಕೇಳುವ ಮೊದಲೇ ಹೇಳಿ. ಚೀಟಿಗಳಿಗೆ ಹತ್ತು ನಿಮಿಷ ಇಟ್ಟುಕೊಳ್ಳಿ.

ಮುಟ್ಟಿನಲ್ಲಿ ಅಂಡಾಣುಗಳು ಹೋಗುತ್ತವೆ ಎಂದು ನಂಬಿದ ಹುಡುಗಿ, ಸ್ರಾವ ಹೆಚ್ಚಾದ ತಿಂಗಳು ತನ್ನ ಮಕ್ಕಳ ಭಾಗ್ಯವೇ ಹೋಯಿತೆಂದು ಹೆದರಬಹುದು. ಅವಳು ಅದನ್ನು ಯಾರಲ್ಲೂ ಕೇಳಲಾರಳು. ಟೀಚರ್ ಹೇಳಿದ್ದು, ನೋಟ್ಸಿನಲ್ಲಿ ಬರೆದದ್ದು. ನನ್ನ ಪಾಠಯೋಜನೆಯ ಕಡತದಲ್ಲಿ ಆ ಮೊದಲ ದಿನದ ಪುಟವನ್ನು ತೆಗೆದುಹಾಕಿಲ್ಲ; ತಪ್ಪು ವಾಕ್ಯದ ಕೆಳಗೆ ಕೆಂಪು ಶಾಯಿಯಲ್ಲಿ ಸರಿಯಾದದ್ದನ್ನು ಬರೆದು ಇಟ್ಟುಕೊಂಡಿದ್ದೇನೆ.