ಇಟಲಿಯ ನ್ಯಾಯಾಧಿಪತಿಗಳ ಸಂಘ: ಅದರ ಉದಯವೂ ಪುನರುದಯವೂ

ನ್ಯಾಯಾಧಿಪತಿಗಳು ತಮ್ಮದೇ ಆದ ಸಂಘವನ್ನು ಕಟ್ಟಿಕೊಳ್ಳಬಹುದೇ ಎಂಬ ಪ್ರಶ್ನೆಯು ಮೇಲುನೋಟಕ್ಕೆ ವೃತ್ತಿಹಿತಕ್ಕೆ ಮಾತ್ರವೇ ಸಂಬಂಧಪಟ್ಟುದೆಂದು ತೋರುವುದು. ಆದರೆ ಇಟಲಿಯ ಚರಿತ್ರೆಯನ್ನು ಪರಿಶೀಲಿಸಿದರೆ, ಅದು ನ್ಯಾಯಸ್ಥಾನದ ಸ್ವಾತಂತ್ರ್ಯದ ಪ್ರಶ್ನೆಯೇ ಆಗಿದ್ದಿತೆಂಬುದು ವ್ಯಕ್ತವಾಗುವುದು.

ಕಾರ್ಲೊ ಆಲ್ಬೆರ್ತೊ ದೊರೆಯು 1848ರಲ್ಲಿ ಕೊಟ್ಟ ರಾಜ್ಯಶಾಸನದಂತೆ, ನ್ಯಾಯವು ದೊರೆಯಿಂದ ಹೊರಟು, ಆತನು ನೇಮಿಸಿದ ನ್ಯಾಯಾಧಿಪತಿಗಳ ಮೂಲಕ ಆತನ ಹೆಸರಿನಲ್ಲಿ ನಡೆಯತಕ್ಕುದಾಗಿದ್ದಿತು. ಮೂರು ವರ್ಷ ಕೆಲಸಮಾಡಿದವರನ್ನು ಪದಚ್ಯುತಗೊಳಿಸಕೂಡದೆಂಬ ವಿಧಿಯಿದ್ದರೂ, ಅದು ಕೆಳಗಿನ ಸ್ಥಳೀಯ ನ್ಯಾಯಾಧಿಪತಿಗಳಿಗೆ ಅನ್ವಯಿಸುತ್ತಿರಲಿಲ್ಲ. ಬಡ್ತಿಯ ವಿಷಯದಲ್ಲಿ ನ್ಯಾಯಮಂತ್ರಿಯ ಪ್ರಭಾವವು ಪ್ರಬಲವಾಗಿದ್ದಿತು. ತೀರ್ಪು ಹೇಳುವವನ ಮುಂದಿನ ಬಾಳು ಸರ್ಕಾರದ ಕೈಯಲ್ಲಿದ್ದರೆ, ಸರ್ಕಾರವೇ ಕಕ್ಷಿಯಾಗಿರುವ ವ್ಯಾಜ್ಯದಲ್ಲಿ ಆತನ ಮನಸ್ಸು ನಿರ್ಭಯವಾಗಿರುವುದೆಂತು? ಸಂಘದ ಮೂಲಕಾರಣವು ಇಲ್ಲಿದೆ.

1904ರಲ್ಲಿ ದಕ್ಷಿಣದ ತ್ರಾನಿ ಪ್ರಾಂತದ 116 ಮಂದಿ ನ್ಯಾಯಾಧಿಪತಿಗಳು ನ್ಯಾಯವ್ಯವಸ್ಥೆಯ ಸುಧಾರಣೆಯನ್ನು ಕೋರಿ ಒಂದು ವಿಜ್ಞಾಪನೆಗೆ ರುಜು ಹಾಕಿದರು. ಒಬ್ಬೊಬ್ಬರಾಗಿ ಬಿನ್ನವಿಸಿಕೊಳ್ಳುವ ವಾಡಿಕೆಗೆ ಬದಲಾಗಿ ಒಟ್ಟಾಗಿ ಮಾತನಾಡಿದುದೇ ಅದರ ವೈಶಿಷ್ಟ್ಯವು. 1909ನೆಯ ಜೂನ್ 13ರಂದು ಮಿಲಾನ್ ನಗರದಲ್ಲಿ 'ಇಟಲಿಯ ನ್ಯಾಯಾಧಿಪತಿಗಳ ಸಾಮಾನ್ಯ ಸಂಘ'ವು ಸ್ಥಾಪಿತವಾಯಿತು. ಆ ಭಾಷೆಯ 'ಮಾಜಿಸ್ತ್ರಾತಿ' ಎಂಬ ಶಬ್ದವು ತೀರ್ಪುಗೊಡುವವರನ್ನಲ್ಲದೆ ಸರ್ಕಾರದ ಪರವಾಗಿ ಆಪಾದನೆಯನ್ನು ನಡೆಸುವವರನ್ನೂ ಒಳಗೊಳ್ಳುವುದನ್ನು ಗಮನಿಸಬೇಕು.

ಫ್ಯಾಸಿಸ್ಟ್ ಆಡಳಿತವು ಬಲಗೊಂಡ ಮೇಲೆ, ಸಂಘವು ಆ ಪಕ್ಷದ ವೃತ್ತಿಸಂಘವಾಗಿ ಮಾರ್ಪಡಬೇಕು, ಇಲ್ಲವೇ ಅಳಿಯಬೇಕು ಎಂಬ ಸಂದಿಗ್ಧವು ಒದಗಿತು. 1925ರ ಡಿಸೆಂಬರಿನಲ್ಲಿ ಸದಸ್ಯರು ವಿಸರ್ಜನೆಯನ್ನೇ ಆರಿಸಿಕೊಂಡರು. ಮರುತಿಂಗಳು ಅದರ ಪತ್ರಿಕೆಯಲ್ಲಿ, 'ಸಾವಿಲ್ಲದ ಭಾವನೆ' ಎಂಬರ್ಥದ ತಲೆಬರಹವುಳ್ಳ ವಿದಾಯಲೇಖನವು ಪ್ರಕಟವಾಯಿತು. 1926ರ ಡಿಸೆಂಬರಿನಲ್ಲಿ, ಪ್ರಧಾನ ಕಾರ್ಯದರ್ಶಿ ವಿಂಚೆಂತ್ಸೊ ಕ್ಯೆಪ್ಪ ಮೊದಲಾದ ಮುಖಂಡರು ಕೆಲಸದಿಂದ ತೆಗೆಯಲ್ಪಟ್ಟರು. ಯಾವ ಅಭದ್ರತೆಯ ನಿವಾರಣೆಗಾಗಿ ಸಂಘವು ಹುಟ್ಟಿದ್ದಿತೋ ಅದಕ್ಕೆ ಅವರೇ ಬಲಿಯಾದರು.

1945ನೆಯ ಅಕ್ಟೋಬರ್ 21ರಂದು ರೋಮಿನಲ್ಲಿ ಸಂಘವು ಮರಳಿ ತಲೆಯೆತ್ತಿತು. 1948ರಲ್ಲಿ ಜಾರಿಗೆ ಬಂದ ರಾಜ್ಯಾಂಗವು, ನ್ಯಾಯಾಧಿಪತಿಗಳು ಕಾನೂನಿಗೆ ಮಾತ್ರ ಅಧೀನರೆಂದು ಸಾರಿ, ಅವರ ನೇಮಕ, ವರ್ಗಾವಣೆ, ಬಡ್ತಿ, ಶಿಸ್ತುಕ್ರಮಗಳನ್ನು ಒಂದು ಉನ್ನತ ಮಂಡಲಿಗೆ ಒಪ್ಪಿಸಿತು. ಆದರೆ ಆ ಮಂಡಲಿಯು ಕಾರ್ಯಾರಂಭ ಮಾಡಿದುದು 1959ರಲ್ಲಿ. ಶಾಸನದ ಅಕ್ಷರವು ತಾನಾಗಿಯೇ ಆಚರಣೆಗೆ ಬಾರದು. ಅದನ್ನು ಎಡೆಬಿಡದೆ ನೆನಪಿಸುವವರು ಬೇಕು. ಇಂಥ ಸಂಘಗಳ ನಿಜವಾದ ಪ್ರಯೋಜನವು ಇದೇ ಎನ್ನಬಹುದು.