ತೇನಿಯ ಎದೆಗಳಲ್ಲಿ 115 ಟಿಎಂಸಿ

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ನೀರಿನ ಮಾತೆಂದರೆ ಕ್ಯೂಸೆಕ್ ಮಾತು. 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಮುಗಿಯಿತು. ಪಡುವಣ ಕಡಲಿಗೆ ಹೋಗುತ್ತಿದ್ದ ನೀರು ಬೆಟ್ಟ ಕೊರೆದ ಸುರಂಗದೊಳಗೆ ನುಗ್ಗಿ ಮೂಡಣಕ್ಕೆ ಇಳಿಯಿತು. ಅಂದಿನಿಂದ ಅಲ್ಲಿನ ಭತ್ತದ ಗದ್ದೆಯೂ ದ್ರಾಕ್ಷಿ ಚಪ್ಪರವೂ ಅದನ್ನೇ ನಂಬಿವೆ. ತಲೆಮಾರುಗಳಿಂದ ಮನೆಯಲ್ಲಿ ಕನ್ನಡವಾಡುವ ಕಾಪ್ಪಿಲಿಯ ಒಕ್ಕಲು ಕುಟುಂಬಗಳೂ ಇರುವ ಕಣಿವೆ ಇದು. ಇಲ್ಲಿನ ಜನರ ಮೈಯೊಳಗಿನ ಹೊಳೆಯನ್ನೂ ಅದೇ ಅಳತೆಗೋಲಿನಿಂದ ಅಳೆದು ನೋಡೋಣ.

ಸುಮ್ಮನೆ ಕೂತಿರುವ ಮನುಷ್ಯನ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28.3 ಲೀಟರ್. ಅಂದರೆ 340 ಜನ ಒಂದು ಮದುವೆ ಛತ್ರದಲ್ಲಿ ಕೂತರೆ ಅಲ್ಲಿ ಒಂದು ಕ್ಯೂಸೆಕ್ ಹರಿಯುತ್ತಿದೆ! 2011ರ ಜನಗಣತಿಯಲ್ಲಿ ತೇನಿ ಜಿಲ್ಲೆಯ ಜನ 12,45,899. ಮಕ್ಕಳನ್ನೂ ದೊಡ್ಡವರೆಂದೇ ಹಿಡಿದರೆ ಜಿಲ್ಲೆಯ ಒಟ್ಟು ಹರಿವು 3,660 ಕ್ಯೂಸೆಕ್. ಮೂರು ದಿನ ಚಿಲ್ಲರೆಯಲ್ಲಿ ಒಂದು ಟಿಎಂಸಿ, ವರ್ಷಕ್ಕೆ 115 ಟಿಎಂಸಿ. ನಮ್ಮ ಕೆಆರ್‌ಎಸ್ ತುಂಬಲು ಬೇಕಾದದ್ದು 49.45 ಟಿಎಂಸಿ, ತೇನಿಯ ಎದೆಗಳು ವರ್ಷಕ್ಕೆ ಅದನ್ನು ಎರಡು ಸಲ ತುಂಬಿ ಮೂರನೆಯದಕ್ಕೂ ಕೈಹಾಕುತ್ತವೆ. ಇಷ್ಟೆಲ್ಲ ಮಾಡುವ ಅಸಲು ಬಂಡವಾಳ ಎಷ್ಟು? ತಲೆಗೆ 5 ಲೀಟರ್‌ನಂತೆ 62 ಲಕ್ಷ ಲೀಟರ್. ಒಲಿಂಪಿಕ್ ಈಜುಕೊಳ ಎರಡೂವರೆ ತುಂಬುವಷ್ಟು!

ಹರಿವನ್ನು ಬಿಟ್ಟು ಕಣಗಳನ್ನು ಎಣಿಸಲು ಹೋದರೆ ಟಿಎಂಸಿಯೂ ಚಿಕ್ಕದಾಗುತ್ತದೆ. ಒಬ್ಬರ ಮೈಯಲ್ಲಿರುವ ಕೆಂಪು ರಕ್ತಕಣ ಸುಮಾರು 25 ಲಕ್ಷ ಕೋಟಿ. ಒಂದೊಂದರ ಅಗಲ ಮಿಲಿಮೀಟರಿನ ಸಾವಿರದಲ್ಲಿ ಏಳೂವರೆ ಪಾಲು. ಆದರೂ ಸಾಲಾಗಿ ಜೋಡಿಸಿದರೆ 1,87,500 ಕಿಲೋಮೀಟರ್: ಭೂಮಿಯನ್ನು ನಾಲ್ಕೂವರೆ ಸಲಕ್ಕಿಂತ ಹೆಚ್ಚು ಸುತ್ತುವ ದಾರ. ಕಂಬಂ ಪಟ್ಟಣದ ಸುಮಾರು 68 ಸಾವಿರ ಜನರ ಕಣಗಳನ್ನು ಒಂದೇ ಸಾಲಿಗೆ ನಿಲ್ಲಿಸಿದರೋ, 1,275 ಕೋಟಿ ಕಿಲೋಮೀಟರ್! ಸೂರ್ಯನಿಂದ ಪ್ಲೂಟೋಗೆ ಹೋಗಿ, ತಿರುಗಿ ಬಂದು, ಇನ್ನೂ ಮಿಗುತ್ತದೆ. ಈ ಕಣ ಬಾಳುವುದು 120 ದಿನ. ಆದ್ದರಿಂದ ಮೂಳೆಮಜ್ಜೆಯ ಕಾರ್ಖಾನೆ ಸೆಕೆಂಡಿಗೆ 24 ಲಕ್ಷ ಹೊಸ ಕಣ ಹೊರಹಾಕಬೇಕು. ಒಂದು ಸೆಕೆಂಡ್, ಒಂದು ಮೈ, ಎರಡು ತೇನಿ ಜಿಲ್ಲೆಗಳ ಜನಸಂಖ್ಯೆ. ನಿದ್ದೆಯಲ್ಲೂ ರಜೆಯಿಲ್ಲ.

ಕಣದೊಳಗೆ ಇಣುಕಿದರೆ ಇನ್ನೂ ತಮಾಷೆ. ಒಂದೇ ಕಣದಲ್ಲಿ 27 ಕೋಟಿ ಹಿಮೋಗ್ಲೋಬಿನ್ ಅಣುಗಳು. ಒಂದೊಂದರಲ್ಲೂ ನಾಲ್ಕು ಕಬ್ಬಿಣದ ಪರಮಾಣು. ಅಲ್ಲಿಗೆ ಒಂದು ಕಣಕ್ಕೆ ನೂರು ಕೋಟಿ ದಾಟಿತು, ಅಂಥ ಕಣ 25 ಲಕ್ಷ ಕೋಟಿ. ಈ ಕಬ್ಬಿಣವನ್ನೆಲ್ಲ ಬಸಿದು ತಕ್ಕಡಿಗೆ ಹಾಕಿದರೆ ತೂಗುವುದು ಎರಡೂವರೆ ಗ್ರಾಂ. ಅಷ್ಟೇ!

ರಕ್ತಹೀನತೆಯ ಲೆಕ್ಕ ತಲೆ ತಿರುಗಿಸುವುದು ಇಲ್ಲೇ. ಬಸುರಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಇರಬೇಕು. ವರದಿಯಲ್ಲಿ 8 ಎಂದು ಬಂತೆನ್ನಿ. ಕಾಗದದ ಮೇಲೆ ನಾಲ್ಕೇ ಅಂಕಿ. ಮೈಯೊಳಗೆ ಅದು ಸುಮಾರು 6 ಲಕ್ಷ ಕೋಟಿ ಕಣಗಳಿಗೆ ಸಾಲುವ ಸರಕು, ಭೂಮಿಯ ಮೇಲಿನ ಪ್ರತಿಯೊಬ್ಬರಿಗೂ 750ರಂತೆ ಹಂಚಬಹುದಾದಷ್ಟು. ಅಷ್ಟು ಸರಕಿನಲ್ಲಿ ಕಾಣೆಯಾದ ಕಬ್ಬಿಣ ಎಷ್ಟು? ಅರ್ಧ ಗ್ರಾಂಗಿಂತ ಸ್ವಲ್ಪ ಹೆಚ್ಚು! ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ ಕರ್ನಾಟಕದಲ್ಲಿ ಶೇ. 47.8, ತಮಿಳುನಾಡಿನಲ್ಲಿ ಶೇ. 53.4, ದೇಶದಲ್ಲಿ ಶೇ. 57. ತಮಿಳುನಾಡಿನ ಬಸ್ಸಿನ ಹೆಂಗಸರ ಸೀಟುಗಳನ್ನು ಒಂದು ಬಿಟ್ಟು ಒಂದು ಎಣಿಸಿದರೂ ಲೆಕ್ಕ ಕಡಿಮೆ ಬೀಳುತ್ತದೆ.

ಬಸುರಿಗೆ ಸರ್ಕಾರ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ. ‘ದ್ರಾಕ್ಷಿ ತಿಂದರೆ ರಕ್ತ ಊರುತ್ತದೆ’ ಎನ್ನುವವರಿದ್ದಾರಲ್ಲ, ಕಂಬಂನ ಹೆಸರಾಂತ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಆದರೆ ದ್ರಾಕ್ಷಿಯಲ್ಲಿ 100 ಗ್ರಾಂಗೆ ಮೂರನೇ ಒಂದು ಮಿಲಿಗ್ರಾಂ ಆಸುಪಾಸಿನ ಕಬ್ಬಿಣ. ಒಂದು ಮಾತ್ರೆಗೆ ಸಮನಾಗಲು ಹದಿನೇಳು, ಹದಿನೆಂಟು ಕೆಜಿ ಹಣ್ಣು ಬೇಕು! ರಾಗಿಯಾದರೆ ಒಂದೂಕಾಲು ಕೆಜಿ ಚಿಲ್ಲರೆ ಸಾಕು. ನುಂಗಬೇಕಾದ ಮಾತ್ರೆ 180. ದ್ರಾಕ್ಷಿಯ ಲೆಕ್ಕದಲ್ಲಿ ಮೂರು ಟನ್: ಪಕ್ಕದ ಪೆರಿಯಾರ್ ಕಾಡಿನ ಒಂದು ಹೆಣ್ಣಾನೆಯಷ್ಟು ಹಣ್ಣನ್ನು ಒಬ್ಬ ಬಸುರಿ ಆರು ತಿಂಗಳಲ್ಲಿ ತಿನ್ನಬೇಕು.

ಒಬ್ಬಳಿಂದ ಲೋಕಕ್ಕೆ ಬನ್ನಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 2019ರಲ್ಲಿ 15ರಿಂದ 49 ವಯಸ್ಸಿನ ರಕ್ತಹೀನತೆಯ ಹೆಂಗಸರು 57.1 ಕೋಟಿ. ಎಲ್ಲರ ರಕ್ತಹೀನತೆಗೂ ಕಬ್ಬಿಣವೇ ಕಾರಣವಲ್ಲ, ಆದರೂ ತಲೆಗೊಂದು ಗ್ರಾಂ ಹಂಚಿದೆವು ಎನ್ನಿ. ಬೇಕಾಗುವುದು 571 ಟನ್. ಪ್ಯಾರಿಸ್ಸಿನ ಐಫೆಲ್ ಗೋಪುರದ ಕಬ್ಬಿಣ 7,300 ಟನ್. ಲೋಕದ ಅಷ್ಟೂ ಹೆಂಗಸರ ಕೊರತೆ ಆ ಒಂದು ಗೋಪುರದ ಹನ್ನೆರಡನೇ ಒಂದು ಪಾಲನ್ನೂ ಮುಟ್ಟುವುದಿಲ್ಲ! ಗಂಡಸರು, ಮಕ್ಕಳು ಎಲ್ಲ ಸೇರಿ 2021ರಲ್ಲಿ ರಕ್ತಹೀನರ ಅಂದಾಜು 192 ಕೋಟಿ: ಲೋಕದ ನಾಲ್ವರಲ್ಲಿ ಒಬ್ಬರು.

ಡೆಂಗಿ ಬಂದಾಗ ಮನೆಮಂದಿ ಹೌಹಾರುತ್ತಾರೆ: ‘ಪ್ಲೇಟ್‌ಲೆಟ್ 20 ಸಾವಿರಕ್ಕೆ ಇಳಿಯಿತಂತೆ!’ ಅದು ರಕ್ತದ ಒಂದು ಘನ ಮಿಲಿಮೀಟರಿನ ಲೆಕ್ಕ. ಇಡೀ ಮೈಯಲ್ಲಿ ಇನ್ನೂ 10,000 ಕೋಟಿ ಉಳಿದಿರುತ್ತವೆ, ಭೂಮಿಯ ಜನಸಂಖ್ಯೆಯ ಹನ್ನೆರಡು ಪಟ್ಟು. ಆದರೂ ವೈದ್ಯರ ಹುಬ್ಬು ಗಂಟಿಕ್ಕುತ್ತದೆ, ಏಕೆಂದರೆ ಆರೋಗ್ಯವಂತನಲ್ಲಿ ಕಡಿಮೆಯೆಂದರೂ 75,000 ಕೋಟಿ ಇರಬೇಕು.

ಕುಡುಗೋಲು ಕಣ ರೋಗದ ಬೀಜ ಇನ್ನೂ ಸಣ್ಣದು. ನಮ್ಮ ವಂಶವಾಹಿಯಲ್ಲಿ 300 ಕೋಟಿ ಅಕ್ಷರ: 500 ಪುಟದ 3,000 ಸಂಪುಟ. ಆ ಗ್ರಂಥಾಲಯದಲ್ಲಿ ಒಂದೇ ಒಂದು ಅಕ್ಷರ ತಪ್ಪಿರುತ್ತದೆ. ಅದೇ ತಪ್ಪು ತಂದೆ, ತಾಯಿ ಇಬ್ಬರಿಂದಲೂ ಬಂದರೆ 120 ದಿನ ಬಾಳಬೇಕಾದ ಕಣ 10ರಿಂದ 20 ದಿನಕ್ಕೇ ಮುಗಿಯುತ್ತದೆ. 1952ರಲ್ಲಿ ನೀಲಗಿರಿಯ ಬುಡಕಟ್ಟು ಜನರಲ್ಲಿ ಇದರ ಗುರುತು ಸಿಕ್ಕಿತು. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಅಭಿಯಾನ ಆ ಒಂದು ಅಕ್ಷರವನ್ನು ಹುಡುಕಲು 7 ಕೋಟಿ ಜನರ ರಕ್ತ ಪರೀಕ್ಷಿಸುವ ಗುರಿ ಹಾಕಿಕೊಂಡಿತು.

ಮುಲ್ಲಪೆರಿಯಾರ್ ಕಟ್ಟಿದವರನ್ನು ಆ ಕಾಡಿನಲ್ಲಿ ಹಣ್ಣುಗಾಯಿ ಮಾಡಿದ ಮಲೇರಿಯಾದ ಗುಣಾಕಾರವನ್ನೂ ನೋಡಿ. ಒಂದು ಪರಾವಲಂಬಿ ಒಂದು ಕೆಂಪು ಕಣ ಹೊಕ್ಕು, 48 ಗಂಟೆಯಲ್ಲಿ ಸುಮಾರು 16 ಆಗಿ ಹೊರಬರುತ್ತದೆ. ತಡೆಯುವವರಿಲ್ಲದಿದ್ದರೆ ಹತ್ತನೇ ದಿನಕ್ಕೆ ಹತ್ತು ಲಕ್ಷ, ಇಪ್ಪತ್ತನೇ ದಿನಕ್ಕೆ ಒಂದು ಲಕ್ಷ ಕೋಟಿ! 2023ರಲ್ಲಿ ಲೋಕದಲ್ಲಿ ಮಲೇರಿಯಾ ಪ್ರಕರಣ 26.3 ಕೋಟಿ.

ಈ ಎಲ್ಲ ಕೊರತೆಗೆ ಎದುರು ನಿಲ್ಲುವುದು 350 ಮಿಲಿಲೀಟರಿನ ಒಂದು ಚೀಲ. ರಕ್ತದಾನಿ ಹತ್ತು ನಿಮಿಷ ಮಲಗಿ ಎದ್ದರೆ ಒಂದೂಮುಕ್ಕಾಲು ಲಕ್ಷ ಕೋಟಿ ಕೆಂಪು ಕಣ ಕೊಟ್ಟಂತೆ. ಸಾಲಿಟ್ಟರೆ 13,000 ಕಿಲೋಮೀಟರ್, ಭೂಮಿಯನ್ನು ಈ ಮಗ್ಗುಲಿಂದ ಆ ಮಗ್ಗುಲಿಗೆ ಕೊರೆದು ಹೊರಬರುವಷ್ಟು ಉದ್ದ. ಲೋಕದಲ್ಲಿ ವರ್ಷಕ್ಕೆ ಇಂಥ ದಾನ ಸುಮಾರು 11.85 ಕೋಟಿ. ಎಲ್ಲವನ್ನೂ 350 ಮಿಲಿಲೀಟರ್ ಎಂದೇ ಹಿಡಿದು ಅವುಗಳ ಕೆಂಪು ಕಣಗಳನ್ನು ಒಂದರ ಹಿಂದೊಂದು ಜೋಡಿಸಿ. ಸೂರ್ಯನಿಂದ ಭೂಮಿಗೆ ಎಂಟು ನಿಮಿಷ ಚಿಲ್ಲರೆಯಲ್ಲಿ ಬರುವ ಬೆಳಕು, ಆ ಕೆಂಪು ಸಾಲನ್ನು ತುದಿಯಿಂದ ತುದಿಗೆ ಓಡಿ ಮುಗಿಸಲು ತೆಗೆದುಕೊಳ್ಳುವುದು ಎರಡು ತಿಂಗಳು!