ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ!

ಶಿವಮೊಗ್ಗೆಯ ಬಿ. ಎಚ್. ರಸ್ತೆಯ ಬದಿಗೆ ಒಂದು ಶಾಲೆಯಿದೆಯೆಂದು ಓದುಗರು ಊಹಿಸಿಕೊಳ್ಳಲಿ. ಆಷಾಢದ ಮಳೆ ಮಾಡಿನ ಮೇಲೆ ಸುರಿಯುತ್ತಿದೆ. ಹೊರಗೆ ಲಾರಿಗಳ ಅಬ್ಬರ. ಒಳಗೆ ನಲವತ್ತು ಮಕ್ಕಳ ಗುಜುಗುಜು. ಉಪಾಧ್ಯಾಯಿನಿ ಉಕ್ತಲೇಖನ ಹೇಳುತ್ತಿದ್ದಾರೆ. ಅವರು ‘ದಡ’ ಎಂದರೆ ಹಿಂದಿನ ಸಾಲಿನ ಬಾಲಕನೊಬ್ಬ ‘ತಡ’ ಎಂದು ಬರೆಯುತ್ತಾನೆ. ‘ಗಾಳಿ’ ಅವನ ಹಾಳೆಯ ಮೇಲೆ ‘ಕಾಳಿ’ಯಾಗುತ್ತದೆ. ‘ಪುಸ್ತಕ ತೆಗೆದು, ಹತ್ತನೆಯ ಪುಟ ತಿರುವಿ, ಮೂರನೆಯ ಪ್ರಶ್ನೆಗೆ ಉತ್ತರ ಬರೆಯಿರಿ’ ಎಂದರೆ, ಪುಸ್ತಕವನ್ನಷ್ಟೇ ತೆಗೆದು ಸುಮ್ಮನೆ ಕುಳಿತಿರುತ್ತಾನೆ.

‘ಕಿವಿ ಎಲ್ಲಿಟ್ಟಿದ್ದೀಯೋ?’ ಎಂಬ ಗದರಿಕೆ ಶಾಲೆಯಲ್ಲಿ. ಮನೆಯಲ್ಲಿಯೂ ಅದೇ ಮಾತು. ಕೊನೆಗೆ ತಂದೆತಾಯಿಗಳು ಕಿವಿಯ ಪರೀಕ್ಷೆ ಮಾಡಿಸುತ್ತಾರೆ. ‘ಶ್ರವಣಶಕ್ತಿ ಸರಿಯಾಗಿದೆ’ ಎಂಬ ವರದಿ ಬರುತ್ತದೆ. ಅಲ್ಲಿಗೆ ಹುಡುಗನಿಗೆ ‘ಸೋಮಾರಿ’ ಎಂಬ ಬಿರುದು ಖಾಯಮ್ಮಾಗುತ್ತದೆ.

ಹಾಗಾದರೆ ವರದಿ ಸುಳ್ಳೇ? ಅಲ್ಲ. ಅದು ಕೇಳಿದ ಪ್ರಶ್ನೆಯೇ ಬೇರೆ.

ಪರೀಕ್ಷೆ ಅಳೆಯುವುದೇನು?

ಸಾಮಾನ್ಯ ಪರೀಕ್ಷೆಯಲ್ಲಿ ಮಗುವನ್ನು ನಿಶ್ಶಬ್ದವಾದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನಿನ ಮೂಲಕ ಒಂದೊಂದೇ ಶುದ್ಧ ಸ್ವರವನ್ನು ಕೇಳಿಸುತ್ತಾರೆ. ಕಂಪನಗಳು ಸೆಕೆಂಡಿಗೆ ಸಾಮಾನ್ಯವಾಗಿ 250ರಿಂದ 8000ದವರೆಗೆ. ಕೇಳಿಸಿದೊಡನೆ ಮಗು ಬೆರಳೆತ್ತಬೇಕು. ಎಷ್ಟು ಕ್ಷೀಣ ಸದ್ದು ಕಿವಿಗೆ ಮುಟ್ಟುತ್ತದೆಂಬುದು ಇದರಿಂದ ತಿಳಿಯುತ್ತದೆ. ಆದರೆ ತರಗತಿ ನಿಶ್ಶಬ್ದವಾದ ಕೋಣೆಯಲ್ಲ. ಕನ್ನಡದ ಮಾತು ಒಂಟಿ ಸ್ವರವೂ ಅಲ್ಲ.

1923ರಲ್ಲಿ ಕಬ್ಬಿಣ ತಯಾರಿಕೆ ಆರಂಭವಾದ ಭದ್ರಾವತಿಯಲ್ಲಿ ತಲೆಮಾರುಗಳ ಕಾರ್ಮಿಕರು ಯಂತ್ರಗಳ ಭೋರ್ಗರೆತದ ನಡುವೆಯೇ ಸಂಗಾತಿಯ ಕೂಗನ್ನು ಗುರುತಿಸಿ ದುಡಿದರು. ಆ ಗದ್ದಲದಿಂದ ಮಾತನ್ನು ಹೆಕ್ಕಿ ತೆಗೆದುದು ಬರಿಯ ಕಿವಿಯಲ್ಲ, ಮಿದುಳು. ಎರಡು ಕಿವಿಗಳಿಂದ ಬಂದುದನ್ನು ಜೋಡಿಸಿ, ಬೇಡದ ಸದ್ದನ್ನು ಸರಿಸಿ, ‘ತ’ ಯಾವುದು ‘ದ’ ಯಾವುದು ಎಂದು ಕ್ಷಣಾರ್ಧದಲ್ಲಿ ನಿರ್ಣಯಿಸುವುದು ಅದರ ಕೆಲಸ. ಈ ಕೆಲಸದಲ್ಲಿ ತೊಡಕುಂಟಾದರೆ ಅದನ್ನು ‘ಶ್ರವಣ ಸಂಸ್ಕರಣೆಯ ದೋಷ’ ಎನ್ನುತ್ತಾರೆ. ಗದ್ದಲದಲ್ಲಿ ಮಾತು ಕೇಳಿಸುವುದು, ಎರಡು ಕಿವಿಗಳಿಗೆ ಏಕಕಾಲದಲ್ಲಿ ಬೇರೆ ಬೇರೆ ಪದಗಳನ್ನು ಕೇಳಿಸುವುದು ಮುಂತಾದ ವಿಶೇಷ ಪರೀಕ್ಷೆಗಳಿಂದ ಮಾತ್ರ ಅದು ಹೊರಬೀಳುತ್ತದೆ. ಏಳು ವರ್ಷಕ್ಕಿಂತ ಚಿಕ್ಕ ಮಕ್ಕಳಲ್ಲಿ ಈ ಪರೀಕ್ಷೆಗಳ ಫಲಿತಾಂಶವನ್ನು ನಂಬುವುದು ಕಷ್ಟ.

ಕಣ್ತಪ್ಪುವ ಇನ್ನೆರಡು ತೊಂದರೆಗಳು

ನವಜಾತ ಶಿಶುಗಳ ತಪಾಸಣೆಯಲ್ಲಿಯೂ ಇಂಥ ಸಂದುಂಟು. ಒಳಗಿವಿಯ ರೋಮಕೋಶಗಳು ಹೊರಡಿಸುವ ಸೂಕ್ಷ್ಮ ಪ್ರತಿಧ್ವನಿಯನ್ನು ಒಂದು ಪರೀಕ್ಷೆ ಅಳೆಯುತ್ತದೆ. ಆ ಕೋಶಗಳು ಸರಿಯಾಗಿದ್ದು, ಸಂದೇಶವನ್ನು ಮಿದುಳಿಗೊಯ್ಯುವ ನರದ ಲಯ ಕೆಟ್ಟಿದ್ದರೆ ಮಗು ಇದರಲ್ಲಿ ಉತ್ತೀರ್ಣವಾಗಿಬಿಡುತ್ತದೆ. ಅಮೆರಿಕದ ಆರ್ನಾಲ್ಡ್ ಸ್ಟಾರ್ ಮತ್ತು ಸಂಗಡಿಗರು 1996ರಲ್ಲಿ ಇದನ್ನು ‘ಶ್ರವಣ ನರದೋಷ’ವೆಂದು ವಿವರಿಸಿದರು. ನರದ ವಿದ್ಯುತ್ ಸ್ಪಂದನವನ್ನು ದಾಖಲಿಸುವ ಮತ್ತೊಂದು ಪರೀಕ್ಷೆಯಿಂದ ಅದು ಪತ್ತೆಯಾಗುತ್ತದೆ.

ಎರಡನೆಯದು ಮಳೆಗಾಲದ ಊರುಗಳ ತಾಯಂದಿರು ಗಮನಿಸಬೇಕಾದುದು. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ದ್ರವ ನಿಲ್ಲುವುದುಂಟು. ನೋವಿಲ್ಲ, ಸೋರುವಿಕೆಯಿಲ್ಲ, ಶ್ರವಣ ಮಾತ್ರ ಒಂದು ವಾರ ಮಂಕು, ಮರುವಾರ ಚುರುಕು. ಚುರುಕಾದ ದಿನ ಪರೀಕ್ಷಿಸಿದರೆ ದೋಷ ಕಾಣುವುದೆಂತು?

ಗುರುತಿಸುವವರು ಯಾರು?

ಇಂಥ ಮಗುವನ್ನು ಮೊದಲು ಗುರುತಿಸಬಲ್ಲವರು ಉಪಾಧ್ಯಾಯರೇ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಆಶಾ ಯತಿರಾಜ್ ಅವರು ಸಹೋದ್ಯೋಗಿಯೊಡನೆ ಇದಕ್ಕೆಂದೇ 12 ಪ್ರಶ್ನೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದ್ದಾರೆ. ಯಂತ್ರ ಬೇಡ, ‘ಹೌದು’, ‘ಅಲ್ಲ’ ಎಂದು ಗುರುತು ಹಾಕಿದರೆ ಸಾಕು. ಹೇಳಿದ್ದನ್ನು ಮತ್ತೆ ಮತ್ತೆ ಹೇಳಿಸಿಕೊಳ್ಳುವುದು, ಗದ್ದಲದಲ್ಲಿ ತಡವರಿಸುವುದು, ಕೇಳಿದ್ದನ್ನು ಬೇಗನೆ ಮರೆಯುವುದು ಮುಂತಾದ ಲಕ್ಷಣಗಳು ಹಲವಿದ್ದರೆ ಮಗುವನ್ನು ತಜ್ಞರ ಬಳಿಗೆ ಕಳುಹಿಸಬೇಕು. ಶಿವಮೊಗ್ಗೆಯ ಮೆಗ್ಗಾನ್ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸುವುದು ಮೊದಲ ಹೆಜ್ಜೆ. ವಿಶೇಷ ಪರೀಕ್ಷೆ ಬೇಕಾದಲ್ಲಿ ಭದ್ರಾವತಿಯ ಮೇಲೆಯೇ ಹಾಯ್ದುಹೋಗುವ ರೈಲು ಮೈಸೂರನ್ನು ಮುಟ್ಟಿಸುತ್ತದೆ.

ಅವಸರದ ತೀರ್ಪು ಸಲ್ಲದು. ಏಕಾಗ್ರತೆಯ ಕೊರತೆ, ಭಾಷಾ ಕಲಿಕೆಯ ತೊಡಕು ಇವು ಸಹ ಇದೇ ವೇಷದಲ್ಲಿ ಬರುತ್ತವೆ. ಎಲ್ಲಿ ಒಂದು ಮುಗಿದು ಇನ್ನೊಂದು ಮೊದಲಾಗುತ್ತದೆಂಬುದರಲ್ಲಿ ತಜ್ಞರಲ್ಲಿಯೇ ಭಿನ್ನಾಭಿಪ್ರಾಯವಿದೆ.

ಆದರೆ ಶಾಲೆಯಲ್ಲಿ ನೀಡಬಹುದಾದ ನೆರವು ತಜ್ಞರ ತೀರ್ಪಿಗೆ ಕಾಯಬೇಕಾಗಿಲ್ಲ. ಮಗುವನ್ನು ಕಿಟಕಿಯಿಂದ ದೂರ, ಮುಂದಿನ ಸಾಲಿನಲ್ಲಿ ಕೂರಿಸುವುದು. ಕರಿಹಲಗೆಗೆ ಮುಖಮಾಡಿ ಮಾತಾಡದೆ, ಮಗುವಿಗೆ ಮುಖ ಕಾಣುವಂತೆ ನಿಂತು ಹೇಳುವುದು. ಮೂರು ಸೂಚನೆಗಳನ್ನು ಒಂದೊಂದಾಗಿ ಬಿಡಿಸುವುದು. ಮುಖ್ಯವಾದುದನ್ನು ಹಲಗೆಯ ಮೇಲೆ ಬರೆಯುವುದು. ಇವುಗಳಿಗೆ ಕಾಸಿನ ಖರ್ಚಿಲ್ಲ. ಉಪಾಧ್ಯಾಯರ ಧ್ವನಿಯನ್ನು ನೇರವಾಗಿ ಮಗುವಿನ ಕಿವಿಗೆ ತಲುಪಿಸುವ ಪುಟ್ಟ ಮೈಕ್ ಸಹ ಕೆಲವರಿಗೆ ಉಪಕರಿಸುತ್ತದೆ. ಗಟ್ಟಿಯಾಗಿ ಕೂಗುವುದರಿಂದ ಮಾತ್ರ ಪ್ರಯೋಜನವಿಲ್ಲ. ಮಗುವಿಗೆ ಬೇಕಾದುದು ಹೆಚ್ಚು ಸದ್ದಲ್ಲ, ಹೆಚ್ಚು ಸ್ಪಷ್ಟತೆ.

ಹಿಂದಿನ ಸಾಲಿನ ಆ ಬಾಲಕ ‘ತಡ’ ಎಂದು ಬರೆದುದು ಉಡಾಫೆಯಿಂದಲ್ಲ; ಅವನಿಗೆ ಕೇಳಿಸಿದುದೇ ಹಾಗೆ. ಅವನ ಹಾಳೆಗೆ ಕೆಂಪು ಗೆರೆ ಎಳೆಯುವ ಮುನ್ನ ಒಮ್ಮೆ ಹತ್ತಿರ ಕರೆದು, ಮೆಲ್ಲಗೆ, ‘ನಾನು ಏನೆಂದೆ ಹೇಳು, ಮಗು’ ಎಂದು ಕೇಳಿದರೆ, ಯಂತ್ರಕ್ಕೆ ತಿಳಿಯದ ಸಂಗತಿ ಉಪಾಧ್ಯಾಯರಿಗೆ ತಿಳಿದೀತು.